ಮೀಸೆ ಚಿಗುರಿದ ಮಗನಿಗೆ ಯಾವ ಕತ್ತಿ?

ಆಳಂದ, ಅಫಜಲಪುರ, ಜೇವರ್ಗಿಯ ಹುಡುಗರು ಹತ್ತನೆಯ ತರಗತಿ ಮುಗಿಸಿ ಓದಲು ಕಲಬುರಗಿಗೆ ಹೊರಡುವ ಹೊತ್ತಿಗೆ ಮೀಸೆ ಚಿಗುರಿರುತ್ತದೆ. ತಟ್ಟೆ, ಲೋಟ, ಹಾಸಿಗೆ ಎಲ್ಲ ಕಟ್ಟಿಕೊಡುವ ಪಾಲಕರು ಕ್ಷೌರದ ಸಾಮಾನು ಮರೆತರೆ, ಹಾಸ್ಟೆಲಿನಲ್ಲಿ ನಾಲ್ವರಿಗೆ ಒಂದೇ ರೇಜರ್ ಆದೀತು.

ಇದು ಅಪಾಯ. ಹೆಪಟೈಟಿಸ್ ಬಿ ವೈರಾಣು ಮೈಯಿಂದ ಹೊರಗೆ ಕನಿಷ್ಠ 7 ದಿನ ಉಳಿಯಬಲ್ಲದು. ಅಲಗಿಗೆ ಅಂಟಿದ, ಕಣ್ಣಿಗೆ ಕಾಣದಷ್ಟು ರಕ್ತವೂ ಸೋಂಕಿಗೆ ಸಾಕು. ನೀರಿನಲ್ಲಿ ಅದ್ದಿ ತೆಗೆದ ಮಾತ್ರಕ್ಕೆ ಅದು ಹೋಗದು.

ಕೆಲವರಿಗೆ ಮಡಚುವ ಕತ್ತಿಯ ಆಸೆ. ಅದರಲ್ಲಿ ಎರಡು ಬಗೆ. ಇಡೀ ಉಕ್ಕಿನ ಕತ್ತಿಯನ್ನು ಕಲ್ಲಿನಲ್ಲಿ ಮಸೆಯಬೇಕು, ಪ್ರತಿ ಸಲ ಚರ್ಮದ ಪಟ್ಟಿಗೆ ಉಜ್ಜಬೇಕು, ತುಕ್ಕು ಹಿಡಿಯದಂತೆ ಒರೆಸಿಡಬೇಕು. ಪರೀಕ್ಷೆಯ ಗಡಿಬಿಡಿಯಲ್ಲಿ ಇದು ಆಗುವ ಮಾತಲ್ಲ. ಕ್ಷೌರದಂಗಡಿಗಳಲ್ಲಿ ಕಾಣುವ, ಅರ್ಧ ಬ್ಲೇಡ್ ಸಿಕ್ಕಿಸುವ ಕತ್ತಿಗೆ ಮಸೆತ ಬೇಡ, ಬ್ಲೇಡ್ ಬದಲಿಸಿದರಾಯಿತು. ಕೊಳ್ಳುವುದಾದರೆ ಇದನ್ನೇ ಕೊಳ್ಳಿ. ತುದಿ ದುಂಡಗಿರಲಿ, ಬ್ಲೇಡ್ ಅಲುಗಾಡದಿರಲಿ. ಕೆನ್ನೆಗೆ ಸುಮಾರು 30 ಡಿಗ್ರಿ ಓರೆಯಾಗಿ, ಕೂದಲು ಬೆಳೆದ ದಿಕ್ಕಿಗೇ ಎಳೆಯಬೇಕು. ಊರಿನ ಕ್ಷೌರಿಕರ ಹತ್ತಿರ ಕೈಹಿಡಿತ ಕಲಿತರೆ ಒಳ್ಳೆಯದು.

ಕಲಿಯಲು ಪುರುಸೊತ್ತಿಲ್ಲದವರಿಗೆ ಗಿಲೆಟ್ ಎಂಬಾತ 1903ರಲ್ಲಿ ಮಾರುಕಟ್ಟೆಗೆ ತಂದ ಬಗೆಯ ಸೇಫ್ಟಿ ರೇಜರೇ ಸಾಕು. ಅದರಲ್ಲಿ ಅಲಗಿನ ಅಂಚಷ್ಟೇ ಹೊರಗಿರುತ್ತದೆ, ಗಾಯ ಕಡಿಮೆ. ಮೊಡವೆಯ ಮೇಲೆ ಯಾವುದನ್ನೂ ಆಡಿಸಬಾರದು.

ಅಂಗಡಿಗೆ ಹೋದರೂ ಹೊಸ ಬ್ಲೇಡನ್ನು ಕಣ್ಣೆದುರೇ ಬಿಚ್ಚಿ ಹಾಕಲು ಕೇಳಬೇಕು. ಕೇಳಲು ಸಂಕೋಚಪಡಬಾರದೆಂದು ಮಗನಿಗೆ ಅಪ್ಪನೇ ಹೇಳಿಕೊಡಲಿ. ಅಪ್ಪನ ರೇಜರ್ ಅಪ್ಪನಿಗೆ, ಮಗನದು ಮಗನಿಗೆ.