ಹತ್ತು ಹೆಜ್ಜೆ ದೂರ ನಿಂತರೆ ಸಾಕು

ಅಮೆರಿಕದ ಪಶ್ಚಿಮದಲ್ಲಿ ಮೆಕ್ಸಿಕೋ ಗಡಿಯಿಂದ ಕೆನಡಾ ಗಡಿಯವರೆಗೆ ಪೆಸಿಫಿಕ್ ಕ್ರೆಸ್ಟ್ ಟ್ರೇಲ್ ಎಂಬ ಕಾಲುದಾರಿಯಿದೆ. ಉದ್ದ ಸುಮಾರು 4,265 ಕಿಲೋಮೀಟರ್. ದಕ್ಷಿಣದಿಂದ ಹೊರಟವರಿಗೆ ಮೊದಲ 1,100 ಕಿಲೋಮೀಟರ್‌ನಷ್ಟು ದಾರಿ ಬಹುತೇಕ ಒಣನಾಡು. ಮೊಹಾವಿ ಮರುಭೂಮಿಯ ಅಂಚೂ ಅದರಲ್ಲಿ ಬರುತ್ತದೆ. ಈ ರಜೆಯಲ್ಲಿ ಅಲ್ಲಿ ನಡೆದವರ ವಿಡಿಯೋಗಳನ್ನು ಒಂದರ ಹಿಂದೆ ಒಂದರಂತೆ ನೋಡಿದೆ. ನೋಡಿದ ಮೇಲೆ ಒಂದು ಮಾತು ಹೇಳಬೇಕೆನಿಸಿದೆ.

ಅಲ್ಲಿನ ದಿನ ಸೂರ್ಯ ಹುಟ್ಟುವ ಮೊದಲೇ ಶುರುವಾಗುತ್ತದೆ. ಮುಂದಿನ ನೀರು ಇಪ್ಪತ್ತು ಮೂವತ್ತು ಕಿಲೋಮೀಟರ್ ಆಚೆ ಇರಬಹುದು. ಆದ್ದರಿಂದ ನಾಲ್ಕೈದು ಲೀಟರ್ ನೀರು ಬೆನ್ನ ಮೇಲೆಯೇ ಇರಬೇಕು. ಮಧ್ಯಾಹ್ನ ಸಿಕ್ಕಿದ ನೆರಳಲ್ಲಿ ಮಲಗಿ, ಬಿಸಿಲು ಇಳಿದ ಮೇಲೆ ಮತ್ತೆ ನಡಿಗೆ. ಒಂದೆಡೆ ದಾರಿ ಲಾಸ್ ಏಂಜಲೀಸ್‌ಗೆ ನೀರು ಒಯ್ಯುವ, 1913ರಲ್ಲಿ ತೆರೆದ ಕಾಲುವೆಯ ಜೊತೆಗೇ ಸಾಗುತ್ತದೆ. ಆದರೆ ಅಲ್ಲಿ ಕಾಲುವೆ ಮುಚ್ಚಿದೆ. ಕಾಲಡಿಯಲ್ಲಿ ನೀರು ಹರಿಯುತ್ತದೆ, ಬಾಯಿಗೆ ಒಂದು ಹನಿಯೂ ಸಿಗುವುದಿಲ್ಲ.

ಇಂಥ ದಾರಿಯಲ್ಲಿ ರ್ಯಾಟಲ್‌ಸ್ನೇಕ್ ಸಿಗುತ್ತದೆ. ವಿಷದ ಹಾವು. ಬೆದರಿದರೆ ಬಾಲವನ್ನು ಗಿಲಕಿಯಂತೆ ಅಲ್ಲಾಡಿಸಿ ಎಚ್ಚರಿಸುತ್ತದೆ. ನಡೆಯುವವರು ಹಿಂದೆ ಸರಿದು, ಅದು ದಾಟಿಹೋಗುವವರೆಗೆ ಕಾಯುತ್ತಾರೆ. ಹಾವಿನ ಮುಂದೆ ಯಾರಿಗೂ ಮರ್ಯಾದೆ ಕಲಿಸಬೇಕಿಲ್ಲ.

ನಮ್ಮ ನಿಜವಾದ ಪರೀಕ್ಷೆ ಆಮೆಯ ಮುಂದೆ. ಮೊಹಾವಿಯಲ್ಲಿ ಮರುಭೂಮಿ ಆಮೆಯಿದೆ. ಬದುಕಿನ ಬಹುಪಾಲನ್ನು ಬಿಲದಲ್ಲೇ ಕಳೆಯುವ ಇದು ಕಣ್ಣಿಗೆ ಬೀಳುವುದು ಅಪರೂಪ. ಮಳೆ ಬಂದಾಗ ಕುಡಿದ ನೀರನ್ನು ಮೂತ್ರಕೋಶದಲ್ಲಿ ಕೂಡಿಟ್ಟುಕೊಂಡು ತಿಂಗಳುಗಟ್ಟಲೆ ಬದುಕುತ್ತದೆ. ಯಾರಾದರೂ ಎತ್ತಿಕೊಂಡರೆ ಹೆದರಿ ಅಷ್ಟನ್ನೂ ಹೊರಗೆ ಬಿಟ್ಟುಬಿಡಬಹುದು. ಬರಗಾಲದಲ್ಲಿ ಅದು ಸಾವಿಗೂ ದಾರಿ. ಅಮೆರಿಕ ಸರ್ಕಾರ 1990ರಲ್ಲೇ ಇದನ್ನು ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿ ಕಾನೂನಿನ ರಕ್ಷಣೆ ಕೊಟ್ಟಿದೆ. ಆದರೂ ಒಂದು ಫೋಟೋಗಾಗಿ ಎತ್ತಿಕೊಂಡವನಿಗೆ ತಾನೇನು ಕಸಿದುಕೊಂಡೆ ಎಂದೇ ಗೊತ್ತಾಗುವುದಿಲ್ಲ.

ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಕೋಲಾರದ ಕಡೆ ನಾನಿಯ ಊರಿನಲ್ಲಿ, ನಾನು ಐದನೇ ತರಗತಿಯಲ್ಲಿದ್ದಾಗ, ಹೊಲದ ಬದುವಿನಲ್ಲಿ ಒಂದು ನಕ್ಷತ್ರ ಆಮೆ ಸಿಕ್ಕಿತ್ತು. ನಾವು ನಾಲ್ಕು ಜನ ಮಕ್ಕಳು ಅದನ್ನು ಕೈಯಿಂದ ಕೈಗೆ ದಾಟಿಸಿ ಆಡಿದೆವು. ಅದು ಉಚ್ಚೆ ಹೊಯ್ದಾಗ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅದು ಕಡುಬೇಸಿಗೆ. ನಾನಿ ಬೈದು ಬಿಡಿಸಿದರು, ನಾವು ಬದುವಿನಲ್ಲೇ ಬಿಟ್ಟು ಬಂದೆವು. ಈಗ ಆ ನಗುವೇ ನನ್ನನ್ನು ಚುಚ್ಚುತ್ತಿದೆ.

ಮುಟ್ಟದೆ ಪ್ರಾಣಿಗಳ ಮೇಲೆ ಪ್ರೀತಿ ಹುಟ್ಟುವುದು ಹೇಗೆ ಎಂದು ನನ್ನ ಗೆಳೆಯ ಕೇಳಿದ. ಒಪ್ಪತಕ್ಕ ಪ್ರಶ್ನೆಯೇ. ಆದರೆ ಮನೆಯ ಬೆಕ್ಕು ತಾನಾಗಿ ಬಂದು ಮಡಿಲಲ್ಲಿ ಕೂರುತ್ತದೆ, ಕಾಡಿನ ಜೀವಿ ಹಾಗೆ ಬರುವುದಿಲ್ಲ. ಅದಕ್ಕೆ ನಮ್ಮ ಕೈ ಬೇಟೆಗಾರನ ಕೈಯೇ. ನಮ್ಮ ಮನಸ್ಸಿನಲ್ಲಿರುವ ಪ್ರೀತಿ ಅದಕ್ಕೆ ಕಾಣುವುದಿಲ್ಲ. ನಕ್ಷತ್ರ ಆಮೆ ಮನೆಯಲ್ಲಿದ್ದರೆ ಅದೃಷ್ಟ ಎಂದು ಹಿಡಿದು ಮಾರುವವರೂ, ಕೊಳ್ಳುವವರೂ ನಮ್ಮ ನಡುವೆ ಇದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ. ಅಂತರರಾಷ್ಟ್ರೀಯ ವ್ಯಾಪಾರಕ್ಕೂ 2019ರಿಂದ ನಿಷೇಧವಿದೆ. ಆದರೆ ಹೊಲದ ಬದುವಿನಲ್ಲಿ ಪೊಲೀಸರು ನಿಂತಿರುವುದಿಲ್ಲ, ನಾವೇ ನಿಂತಿರುತ್ತೇವೆ.

ಮರುಭೂಮಿಯಲ್ಲಿ ನಡೆಯುವವನಿಗೆ ಒಂದು ಲೀಟರ್ ನೀರಿನ ಬೆಲೆ ಗೊತ್ತು. ತನ್ನ ಬಾಟಲಿಯನ್ನು ಯಾರಾದರೂ ನೆಲಕ್ಕೆ ಸುರಿದರೆ ಅವನು ಸುಮ್ಮನಿರುತ್ತಾನೆಯೇ? ಆಮೆಯ ಬಾಟಲಿ ಅದರ ಹೊಟ್ಟೆಯೊಳಗಿದೆ, ಅಷ್ಟೇ ವ್ಯತ್ಯಾಸ.

ಮುಂದಿನ ತಿಂಗಳು ನಮ್ಮ ಕಾಲೇಜಿನ ಪ್ರವಾಸವಿದೆ. ದಾರಿಯಲ್ಲಿ ಆಮೆಯೋ ಉಡವೋ ಹಾವೋ ಸಿಕ್ಕರೆ ಹತ್ತು ಹೆಜ್ಜೆ ಹಿಂದೆ ನಿಂತು ನೋಡೋಣ. ಫೋಟೋ ಸ್ವಲ್ಪ ಚಿಕ್ಕದಾಗಿ ಬರಲಿ.