ಅಳತೆ ಕೇಳದ ಪಥ್ಯ

ಶುಗರ್ ಬಂದಿದೆ ಎಂದು ಗೊತ್ತಾದ ದಿನವೇ ನಮ್ಮ ಮನೆಗಳಲ್ಲಿ ಸಕ್ಕರೆ ಡಬ್ಬ ಅಟ್ಟ ಸೇರುತ್ತದೆ. ಕಾಫಿ ಸಪ್ಪೆಯಾಗುತ್ತದೆ, ಆದರೆ ಅದರ ಜೊತೆಗೆ ನಾಲ್ಕು ಮಾರಿ ಬಿಸ್ಕತ್ತು ತಪ್ಪದೆ ಬರುತ್ತವೆ. ರಾತ್ರಿ ಅನ್ನ ನಿಂತು ಚಪಾತಿ ಶುರುವಾಗುತ್ತದೆ. ಮೂರೋ ನಾಲ್ಕೋ, ಯಾರೂ ಎಣಿಸುವುದಿಲ್ಲ. ಮಂಡ್ಯ, ಹಾಸನದ ಕಡೆ ಮುದ್ದೆ ದೊಡ್ಡದಾಗುತ್ತದೆ, ವಿಜಯಪುರ, ಕಲಬುರಗಿ ಕಡೆ ತಾಟಿನಲ್ಲಿ ಇನ್ನೊಂದು ರೊಟ್ಟಿ ಕೂಡುತ್ತದೆ. ಮದುವೆಮನೆಯಲ್ಲಿ ಹೋಳಿಗೆ ಬೇಡವೆಂದು ಎಲೆಗೆ ಕೈ ಅಡ್ಡ ಹಿಡಿದವರೇ ಸಾರಿಗೆ ಎರಡನೇ ಸಲ ಅನ್ನ ಹಾಕಿಸಿಕೊಳ್ಳುತ್ತಾರೆ. ಕೊನೆಗೆ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಏರಿಯೇ ಇರುತ್ತದೆ. 'ಪಥ್ಯ ಮಾಡ್ತಾನೇ ಇದೀನಲ್ಲ ಡಾಕ್ಟ್ರೇ' ಎಂಬ ಮಾತು ಸುಳ್ಳೇನಲ್ಲ. ಪಥ್ಯ ಮಾಡಿದ್ದಾರೆ, ಅಳತೆ ಮಾಡಿಲ್ಲ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕವನ್ನು ಒಮ್ಮೆ ನೋಡಿದರೆ ಸಾಕು, ಎಡವಟ್ಟು ಎಲ್ಲಿದೆ ಎಂದು ತಿಳಿಯುತ್ತದೆ. ನೂರು ಗ್ರಾಂ ಪಾಲಿಶ್ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಕಾರ್ಬೋಹೈಡ್ರೇಟ್. ರಾಗಿಯಲ್ಲಿ 67, ಜೋಳದಲ್ಲಿ 68, ಗೋಧಿ ಹಿಟ್ಟಿನಲ್ಲಿ 64. ರಾಗಿಯಲ್ಲಿ ನಾರಿನಂಶ ಅಕ್ಕಿಯ ಸುಮಾರು ನಾಲ್ಕರಷ್ಟು, ಕ್ಯಾಲ್ಸಿಯಂ ಅಂತೂ ಹೇರಳ. ಆ ಮಟ್ಟಿಗೆ ರಾಗಿಯ ಹೊಗಳಿಕೆ ನ್ಯಾಯವೇ. ಆದರೆ 60 ಗ್ರಾಂ ಅಕ್ಕಿಯ ಅನ್ನ ಬಿಟ್ಟು 100 ಗ್ರಾಂ ಹಿಟ್ಟಿನ ಮುದ್ದೆ ನುಂಗಿದವರು 47 ಗ್ರಾಂ ಬಿಟ್ಟು 67 ಗ್ರಾಂ ತಿಂದಂತಾಯಿತು. ಮೂರು ಚಪಾತಿಯ ಲೆಕ್ಕ 58ರ ಹತ್ತಿರ ನಿಲ್ಲುತ್ತದೆ. ಪಿಷ್ಟ ಕರುಳಿನಲ್ಲಿ ಒಡೆದು ಗ್ಲೂಕೋಸ್ ಆದಮೇಲೆ ಅದು ಯಾವ ಹೊಲದಿಂದ ಬಂತು ಎಂದು ರಕ್ತ ಕೇಳುವುದಿಲ್ಲ. ನಾರಿದ್ದರೆ ಏರಿಕೆ ನಿಧಾನ, ಅಷ್ಟೇ. ನುಣ್ಣಗೆ ಬೀಸಿದ ಹಿಟ್ಟನ್ನು ಅಂಬಲಿ ಕಾಯಿಸಿ ಕುಡಿದರೆ ಆ ನಿಧಾನವೂ ಕಡಿಮೆಯಾಗುತ್ತದೆ.

ಇದು ಬರೀ ಕೋಷ್ಟಕದ ತರ್ಕವಲ್ಲ. ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಮಧುಮೇಹವಿದೆ ಎಂದು 2023ರಲ್ಲಿ ಹೇಳಿದ್ದು ಐಸಿಎಂಆರ್-ಇಂಡಿಯಾಬ್ ಸಮೀಕ್ಷೆ. ಅದೇ ಸಮೀಕ್ಷೆಯ ಆಹಾರದ ಭಾಗ 2025ರಲ್ಲಿ ಹೊರಬಂತು. ಭಾರತೀಯರ ದಿನದ ಶಕ್ತಿಯಲ್ಲಿ ನೂರಕ್ಕೆ 62 ಪಾಲು ಕಾರ್ಬೋಹೈಡ್ರೇಟಿನಿಂದಲೇ ಬರುತ್ತಿದೆ. ಬಿಳಿ ಅಕ್ಕಿ, ಮೈದಾ ಬಿಟ್ಟು ಇಡೀ ಗೋಧಿಗೋ ಸಿರಿಧಾನ್ಯಕ್ಕೋ ಬದಲಾಯಿಸಿ ಒಟ್ಟು ಪ್ರಮಾಣವನ್ನು ಹಾಗೇ ಉಳಿಸಿಕೊಂಡರೆ ಮಧುಮೇಹದ ಅಪಾಯ ಇಳಿದದ್ದು ಅದರಲ್ಲಿ ಕಾಣಲಿಲ್ಲ. ಕಾರ್ಬೋಹೈಡ್ರೇಟಿನ ಒಂದು ಸಣ್ಣ ಪಾಲನ್ನು, ಶಕ್ತಿಯ ಶೇ. 5ರಷ್ಟನ್ನು, ಬೇಳೆಕಾಳಿನ ಅಥವಾ ಹಾಲು ಮೊಸರಿನ ಪ್ರೋಟೀನಿಗೆ ಬಿಟ್ಟುಕೊಟ್ಟಲ್ಲಿ ಇಳಿಕೆ ಕಂಡಿತು. ಸಿರಿಧಾನ್ಯ ಮೇಳಗಳ ಫಲಕಗಳಲ್ಲಿ ಈ ಮಾತನ್ನು ಯಾರೂ ಬರೆಸುವುದಿಲ್ಲ, ಬರೆಸಿದರೆ ವ್ಯಾಪಾರ ನಡೆಯುವುದೂ ಇಲ್ಲ.

ಇಲ್ಲಿ ಅಜ್ಜನ ಮಾತು ಬಂದೇ ಬರುತ್ತದೆ. 'ನಮ್ಮಜ್ಜ ಹೊತ್ತಿಗೆ ಎರಡು ಮುದ್ದೆ ತಿಂದು ಎಂಬತ್ತು ದಾಟಿದರು.' ದಾಟಿರಬಹುದು. ಅಜ್ಜ ಬೆಳಗ್ಗೆ ನೇಗಿಲು ಹಿಡಿದರೆ ಹೊತ್ತೇರುವವರೆಗೆ ಬಿಡುತ್ತಿರಲಿಲ್ಲ. ಗ್ಲೂಕೋಸನ್ನು ಇನ್ಸುಲಿನ್ನಿನ ಹಂಗಿಲ್ಲದೆಯೂ ಎಳೆದುಕೊಳ್ಳುವ ಶಕ್ತಿ ದುಡಿಯುವ ಸ್ನಾಯುವಿಗಿದೆ. ಅವರ ಮೊಮ್ಮಗ ಅದೇ ಮುದ್ದೆ ಉಂಡು ಕುರ್ಚಿಯಲ್ಲಿ ಕೂತುಬಿಡುತ್ತಾನೆ. ಚರಕ ಸಂಹಿತೆ ಪ್ರಮೇಹಕ್ಕೆ ಕಾರಣ ಹೇಳುವಾಗ ಹೊಸ ಧಾನ್ಯ, ಬೆಲ್ಲದ ತಿನಿಸು, ಮೊಸರುಗಳ ಜೊತೆಗೆ ಕೂತಿರುವ ಸುಖವನ್ನೂ ಮಲಗಿರುವ ಸುಖವನ್ನೂ ಸೇರಿಸುತ್ತದೆ. ಅಜ್ಜನ ಊಟ ಬೇಕು, ಅಜ್ಜನ ಬೆವರು ಬೇಡ ಎಂದರೆ ಲೆಕ್ಕ ಕೂಡುವುದಿಲ್ಲ.

ಹಾಗಾದರೆ ಎಷ್ಟು ಇಳಿಸಬೇಕು? ಈಗ ಎದ್ದಿರುವ ಗಲಾಟೆಯೆಲ್ಲ ಇಲ್ಲೇ. ಒಂದು ಕಡೆ ಕೀಟೋ ಪಂಥದವರು ದಿನಕ್ಕೆ ಐವತ್ತು ಗ್ರಾಂ ಮೀರಬೇಡಿ ಎನ್ನುತ್ತಾರೆ. ಇನ್ನೊಂದು ಕಡೆ ಹಳೆಯ ಆಹಾರಪಟ್ಟಿಗಳು ಅನ್ನ, ಚಪಾತಿಗೆ ಮುಕ್ಕಾಲು ತಟ್ಟೆ ಬಿಟ್ಟುಕೊಡುತ್ತವೆ. ಹಲವು ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದ 2021ರ ಬಿಎಂಜೆ ವಿಶ್ಲೇಷಣೆ ಇಬ್ಬರಿಗೂ ಪೂರ್ತಿ ಒಪ್ಪಿಗೆಯಾಗುವಂಥದ್ದಲ್ಲ. ಕಾರ್ಬೋಹೈಡ್ರೇಟ್ ಕಡಿಮೆ ಮಾಡಿದವರಲ್ಲಿ ಆರು ತಿಂಗಳಿಗೆ ಹೆಚ್ಚು ಜನರ ಸಕ್ಕರೆ ಹತೋಟಿಯ ಮಟ್ಟಕ್ಕೆ ಇಳಿಯಿತು, ವರ್ಷ ತುಂಬುವ ಹೊತ್ತಿಗೆ ಆ ಲಾಭ ಬಹಳಷ್ಟು ಕರಗಿತು. ಯಾಕೆಂದು ಊಹಿಸಲು ಪಂಡಿತರು ಬೇಕಿಲ್ಲ. ಮನೆಮಂದಿಯೆಲ್ಲ ಬಿಸಿಬೇಳೆಬಾತ್ ತಿನ್ನುವಾಗ ಒಬ್ಬರು ಮಾತ್ರ ಪನೀರು, ಬಾದಾಮಿ ಮುಂದಿಟ್ಟುಕೊಂಡು ಎಷ್ಟು ಕಾಲ ಕೂರುತ್ತಾರೆ? ಬ್ರಿಟನ್ನಿನ ಡೈರೆಕ್ಟ್ ಪ್ರಯೋಗದಲ್ಲಿ ಪಥ್ಯ ಮಾಡಿದ ಗುಂಪಿನ ಶೇ. 46 ಮಂದಿ ವರ್ಷದ ಕೊನೆಗೆ ಮಾತ್ರೆಯಿಲ್ಲದೆ ಮಧುಮೇಹದ ಗೆರೆಯಿಂದ ಕೆಳಗಿದ್ದರು. ಅಲ್ಲಿ ಇಳಿಸಿದ್ದು ಒಟ್ಟು ಊಟವನ್ನೇ, ತೂಕ ಹೆಚ್ಚು ಇಳಿದವರಿಗೆ ಲಾಭವೂ ಹೆಚ್ಚು. ಕಾರ್ಬೋಹೈಡ್ರೇಟ್ ಮಿತಿಗೆ ಅರ್ಥವಿದೆ, ಅದೊಂದೇ ಮಂತ್ರವಲ್ಲ. ವರ್ಷಗಟ್ಟಲೆ ನಡೆಸಲಾಗುವ ಸಾಧಾರಣ ಇಳಿಕೆಯೇ ಮೂರು ತಿಂಗಳ ಶೌರ್ಯಕ್ಕಿಂತ ಮೇಲು ಎಂಬುದು ನನ್ನ ಪಕ್ಷ.

ಅಂಥ ಇಳಿಕೆಗೆ ನಮ್ಮ ಅಡುಗೆಮನೆಯಲ್ಲೇ ದಾರಿಯಿದೆ. ಬಸ್ಸಾರು ಮಾಡಿದ ದಿನ ನೋಡಿ. ಬಸಿದ ಕಟ್ಟು ಮುದ್ದೆಯ ಪಾಲಾಗುತ್ತದೆ. ಸೊಪ್ಪು, ಕಾಳಿನ ಪಲ್ಯ ತಟ್ಟೆಯಂಚಿನಲ್ಲಿ ಒಂದು ಸೌಟು. ಇದನ್ನು ತಿರುವಿ ಹಾಕಿ: ಮುದ್ದೆಗೆ ಐವತ್ತು ಗ್ರಾಂ ಹಿಟ್ಟು, ಪಲ್ಯಕ್ಕೆ ನಲವತ್ತು ಗ್ರಾಂ ಹೆಸರುಕಾಳು, ಸೊಪ್ಪು ಎಷ್ಟಾದರೂ. ಕಾರ್ಬೋಹೈಡ್ರೇಟ್ 67ರಿಂದ 52ರ ಆಸುಪಾಸಿಗೆ ಬರುತ್ತದೆ, ಅದರಲ್ಲೂ ಕಾಳಿನದು ನಿಧಾನಕ್ಕೆ ಅರಗುವಂಥದ್ದು. ಪ್ರೋಟೀನು ಏಳು ಗ್ರಾಮಿನಿಂದ ಹನ್ನೆರಡು ದಾಟುತ್ತದೆ, ಸಂಜೆ ಐದಕ್ಕೆ ಬಿಸ್ಕತ್ತಿನ ಡಬ್ಬ ಹುಡುಕುವ ಹಸಿವೂ ತಗ್ಗುತ್ತದೆ. ಪಲ್ಯ ಮೊದಲು ತಿಂದು ಮುದ್ದೆಯನ್ನು ಕೊನೆಗಿಟ್ಟುಕೊಂಡರೆ ಏರಿಕೆ ಇನ್ನಷ್ಟು ಕಡಿಮೆ.

ಆದರೆ ಕಾಳು, ಮೊಟ್ಟೆ, ಮೊಸರು ಪುಕ್ಕಟೆ ಬರುವುದಿಲ್ಲ. 2013ರಲ್ಲಿ ಅನ್ನಭಾಗ್ಯ ಬಂದಾಗ ಹಸಿದ ಹೊಟ್ಟೆಗಳಿಗೆ ಅಕ್ಕಿ ಬೇಕಿತ್ತು, ಅದನ್ನು ಹಳಿಯುವವರ ಸಾಲಿನಲ್ಲಿ ನಾನಿಲ್ಲ. ಆದರೂ ಬಡವರ ಮನೆಗೆ ಮೂಟೆಯಲ್ಲಿ ಬರುವುದು ಪಿಷ್ಟ, ಚೀಟಿ ಕಟ್ಟಿ ತರಬೇಕಾದದ್ದು ಪ್ರೋಟೀನು. ಕೂಲಿ ಮಾಡುವ ಹೆಂಗಸಿಗೆ ಶುಗರ್ ಬಂದಾಗ 'ಅನ್ನ ಕಮ್ಮಿ ಮಾಡಮ್ಮ' ಎಂದಷ್ಟೇ ಹೇಳಿ ಕಳಿಸಿದರೆ ಅವಳು ಅರ್ಧ ಹೊಟ್ಟೆಯಲ್ಲಿ ಗದ್ದೆಗೆ ಇಳಿಯುತ್ತಾಳೆ. ಪಡಿತರದಲ್ಲಿ ಅಕ್ಕಿಯ ಒಂದು ಪಾಲನ್ನು ಬೇಳೆಕಾಳಿಗೆ ಬದಲಾಯಿಸಿಕೊಳ್ಳುವ ಆಯ್ಕೆ ಇರಲೇಬೇಕು. ಅವಳಿಗೆ ಕೊಡುವ ಮಾತ್ರೆಯಷ್ಟೇ ಅದೂ ಚಿಕಿತ್ಸೆ.

ಅಳತೆಗೆ ತಕ್ಕಡಿಯೇ ಆಗಬೇಕೆಂದಿಲ್ಲ, ಗ್ಲೂಕೋಮೀಟರ್ ಇದ್ದರೆ ಅದೇ ಹೇಳುತ್ತದೆ. ತಿಂಡಿಗೆ ಮುಂಚೆ ಒಮ್ಮೆ, ತಿನ್ನಲು ಶುರುಮಾಡಿದ ಎರಡು ಗಂಟೆಗೆ ಒಮ್ಮೆ ನೋಡಿ. ಇಡ್ಲಿಯ ದಿನ, ಉಪ್ಪಿಟ್ಟಿನ ದಿನ, ಪೆಸರಟ್ಟಿನ ದಿನ ಬರೆದಿಟ್ಟುಕೊಳ್ಳಿ. ಬಹುಪಾಲು ಜನರಿಗೆ ಊಟದ ನಂತರ 180ರೊಳಗೆ ನಿಂತರೆ ಸಾಕು ಎನ್ನುತ್ತಾರೆ ವೈದ್ಯರು. ನಿಮ್ಮ ದೇಹಕ್ಕೆ ಯಾವುದು ಎಷ್ಟು ಆಗುತ್ತದೆ ಎಂಬುದಕ್ಕೆ ಆ ಚೀಟಿಗಿಂತ ಒಳ್ಳೆಯ ಸಾಕ್ಷಿ ಬೇರಿಲ್ಲ.

ಊಟ ಬದಲಾಯಿಸುವ ಮೊದಲು ವೈದ್ಯರಿಗೆ ಹೇಳಲೇಬೇಕಾದವರು ಕೆಲವರಿದ್ದಾರೆ. ಟೈಪ್ 1 ಇರುವ ಮಕ್ಕಳಿಗೆ ಯಾವ ಪಥ್ಯವೂ ಇನ್ಸುಲಿನ್‌ಗೆ ಬದಲಾಗದು. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ ಮೊದಲ ಚುಚ್ಚುಮದ್ದು ಪಡೆದ 14 ವರ್ಷದ ಹುಡುಗ ಅಂದಿನ ಉಪವಾಸದ ಪಥ್ಯದಲ್ಲಿ 30 ಕಿಲೋಗೂ ಕಡಿಮೆಗೆ ಇಳಿದಿದ್ದ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತೆಗೆದುಕೊಳ್ಳುವವರು ಅನ್ನ ಇಳಿಸಿ ಔಷಧಿ ಇಳಿಸದಿದ್ದರೆ ಸಕ್ಕರೆ ಕುಸಿದು ಬೀಳುತ್ತಾರೆ. ಡಾಪಾಗ್ಲಿಫ್ಲೋಜಿನ್ ಜಾತಿಯ ಮಾತ್ರೆಯ ಜೊತೆ ಕೀಟೋ ಮಾಡಿದರೆ ಸಕ್ಕರೆ ಹೆಚ್ಚಿಲ್ಲದೆಯೂ ರಕ್ತ ಆಮ್ಲೀಯವಾಗುವ ಅಪಾಯವಿದೆ. ಗರ್ಭಿಣಿಯರು, ಕಿಡ್ನಿ ತೊಂದರೆ ಇರುವವರು ಪ್ರೋಟೀನಿನ ಅಳತೆಯನ್ನು ತಾವೇ ನಿರ್ಧರಿಸಬಾರದು. ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಮಾತ್ರೆಯ ಚೀಟಿಯ ಜೊತೆಗೆ ಒಂದು ವಾರದ ಊಟದ ಚೀಟಿಯನ್ನೂ ಒಯ್ಯಿರಿ, ಎರಡನ್ನೂ ಒಟ್ಟಿಗೆ ನೋಡಿ ಎಂದು ಕೇಳಿ.