ಬಟನ್ ಫೋನಿನವರು ಮನುಷ್ಯರಲ್ಲವೇ?

ಕಳೆದ ಮಳೆಗಾಲದಲ್ಲಿ ಈ ವರದಿಗಾರ ಒಂದು ತಪ್ಪು ಮಾಡಿದ. ಅದನ್ನು ಒಪ್ಪಿಕೊಂಡೇ ಮುಂದಿನ ಮಾತು.

ರಾತ್ರಿ ಒಂಬತ್ತರ ಹೊತ್ತಿಗೆ ವಾಟ್ಸಾಪಿಗೆ ಒಂದು ಫೋಟೋ ಬಂತು. ಹಾಸನಕ್ಕೆ ಏಳೆಂಟು ಕಿಲೋಮೀಟರ್ ದೂರದ ಹಳ್ಳಿಯ ಸೇತುವೆ ಮೇಲೆ ನೀರು ಹರಿಯುತ್ತಿದೆ ಅಂತ. ಹಿಂದೆ ಮುಂದೆ ನೋಡದೆ ಹೆಬ್ಬೆರಳು ಒತ್ತಿದೆ, ನಾಲ್ಕು ಗುಂಪಿಗೆ ಹೋಯಿತು. ಬೆಳಿಗ್ಗೆ ಹಾಲಿನ ವ್ಯಾನು ಸುತ್ತು ದಾರಿ ಹಿಡಿದು, ಹೊತ್ತು ಮೀರಿ ಬಂತು. ಅಷ್ಟರಲ್ಲಿ ಕ್ಯಾನಿನ ಹಾಲು ಒಡೆದಿತ್ತು. ಸೇತುವೆ ಮಾತ್ರ ನೀರಿಗಿಂತ ಆಳೆತ್ತರ ಮೇಲೆ ನೆಟ್ಟಗೆ ನಿಂತಿತ್ತು. ಫೋಟೋ ಯಾವುದೋ ರಾಜ್ಯದ್ದು, ಯಾವುದೋ ವರ್ಷದ್ದು!

"ಎರಡು ಹೆಜ್ಜೆ ಬಂದು ಕಣ್ಣಲ್ಲಿ ನೋಡಕ್ಕಾಗ್ನಿಲ್ವೇನಪ್ಪಾ ನಿಂಗೆ?" ಅಂತ ಡೇರಿ ಮುಂದೆ ಒಬ್ಬ ಅಜ್ಜ ಕೇಳಿದರು. ನನ್ನಲ್ಲಿ ಉತ್ತರ ಇರಲಿಲ್ಲ.

ಮುಂದಿನ ವಾರವೇ ಕಟ್ಟಿನಕೆರೆ ಮಾರ್ಕೆಟ್ ಹತ್ತಿರ ಒಂದು ಮಡಚುವ ಸಣ್ಣ ಫೋನ್ ಕೊಂಡೆ. ಅಂಗಡಿ ಹುಡುಗ "ತಾತನಿಗಾ ಸಾರ್?" ಅಂದ. "ನಂಗೇ ಕಣಪ್ಪ" ಅಂದೆ. ನಕ್ಕ. ನಗಲಿ ಬಿಡಿ. ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಇದೆ. ಟಪ್ ಅಂತ ಮಡಚಿದರೆ ಮಾತು ಮುಗಿಯಿತು. ಒಂದು ಸಲ ಚಾರ್ಜಿಗೆ ಹಾಕಿದರೆ ಮೂರು ದಿನ ಚಿಂತೆಯಿಲ್ಲ. 2003ರಲ್ಲಿ ಟಾರ್ಚ್ ಇಟ್ಟುಕೊಂಡು ಬಂದ ನೋಕಿಯಾ 1100 ಜಗತ್ತಿನಾದ್ಯಂತ 25 ಕೋಟಿಗೂ ಹೆಚ್ಚು ಮಾರಾಟವಾಯಿತು. ನಮ್ಮ ಹಳ್ಳಿಗಳಲ್ಲಿ ಕರೆಂಟ್ ಹೋದಾಗ ಗದ್ದೆಗೆ ನೀರು ಕಟ್ಟಲು ಹೊರಟವರ ಕೈಲಿ ಇದ್ದದ್ದು ಅಂಥದ್ದೇ ಫೋನು. ಮನುಷ್ಯನ ಕೆಲಸ ಮಾಡಿಕೊಡುತ್ತಿತ್ತು, ಮನುಷ್ಯನನ್ನು ಕೆಲಸಕ್ಕಿಟ್ಟುಕೊಳ್ಳುತ್ತಿರಲಿಲ್ಲ.

ಹಾಗಂತ ಸುಳ್ಳು ಹೇಳಬಾರದು. ದೊಡ್ಡ ಫೋನ್ ಪತ್ರಿಕಾ ಕಚೇರಿಯ ಡ್ರಾಯರಿನಲ್ಲೇ ಇದೆ. ಪ್ರಕಟಣೆಗಳೆಲ್ಲ ಅದಕ್ಕೇ ಬರೋದು, ದಿನಕ್ಕೆ ಎರಡು ಸಲ ತೆಗೆದು ನೋಡ್ತೀನಿ. ಪತ್ರಿಕಾಗೋಷ್ಠಿಯ ಜಾಗ ಬದಲಾದದ್ದು ತಿಳಿಯದೆ ಖಾಲಿ ಕುರ್ಚಿಗಳನ್ನು ಎಣಿಸಿ ಬಂದದ್ದೂ ಉಂಟು. ಸಂಪಾದಕರಿಂದ ಮಂಗಳಾರತಿಯೂ ಆಯಿತು. ಆದರೆ ಅಂದಿನಿಂದ ನೋಡದ ಸೇತುವೆಯ ಬಗ್ಗೆ ಒಂದಕ್ಷರ ಬರೆದಿಲ್ಲ.

ಇರಲಿ. ನನ್ನದು ಶೋಕಿ ಅಂತಲೇ ಅನ್ನಿ. ಬೇಕಾದಾಗ ಡ್ರಾಯರ್ ಎಳೆಯಬಹುದು. ಡ್ರಾಯರೇ ಇಲ್ಲದವರ ಗತಿ?

ಮೊನ್ನೆ ಒಂದು ಸರ್ಕಾರಿ ಕಚೇರಿಯಲ್ಲಿ ಅರವತ್ತು ದಾಟಿದ ಹೆಣ್ಣುಮಗಳೊಬ್ಬರು ಅರ್ಜಿ ಹಿಡಿದು ನಿಂತಿದ್ದರು. "ನಿನ್ನೆಗೇ ಮುಗೀತಲ್ಲಮ್ಮ, ಗ್ರೂಪಿಗೆ ಹಾಕಿದ್ವಲ್ಲ, ನೋಡ್ಲಿಲ್ವಾ?" ಅಂದರು ಸಾಹೇಬರು. ಆಕೆ ಎಲೆಅಡಿಕೆ ಚೀಲದಿಂದ ಬಟನ್ ಫೋನ್ ತೆಗೆದು ಮೇಜಿನ ಮೇಲಿಟ್ಟರು. "ಇದ್ರಲ್ಲಿ ಎಲ್ಲಿ ಬತ್ತದೆ ಸ್ವಾಮಿ ಅದು? ನೀವೇ ತೋರ್ಸಿ." ಸಾಹೇಬರು ಕಡತದ ಕಡೆ ತಿರುಗಿದರು. ಗೋಡೆಯ ನೋಟೀಸ್ ಬೋರ್ಡಿನಲ್ಲಿ ಹೋದ ವರ್ಷದ ಹರಾಜಿನ ಪ್ರಕಟಣೆ ಹಳದಿಯಾಗಿ ತೂಗಾಡುತ್ತಿತ್ತು.

ಇದೇನು ಒಂದು ಕಚೇರಿಯ ಕಥೆಯಲ್ಲ. 2020ರಲ್ಲಿ ರಾಜ್ಯದ ರೈತ ತನ್ನ ಬೆಳೆ ಸಮೀಕ್ಷೆಯನ್ನು ತಾನೇ ಆ್ಯಪಿನಲ್ಲಿ ಮಾಡಬೇಕೆಂದರು. 2021ರಲ್ಲಿ ಅಂಗನವಾಡಿ ಕಾರ್ಯಕರ್ತೆಯರಿಗೆ ಪೋಷಣ್ ಟ್ರ್ಯಾಕರ್ ಬಂತು. 2023ರ ಜನವರಿಯಿಂದ ಉದ್ಯೋಗ ಖಾತ್ರಿ ಕಾಮಗಾರಿಯಲ್ಲಿ ದಿನಕ್ಕೆ ಎರಡು ಸಲ ಫೋಟೋ ಹಾಜರಿ ಕಡ್ಡಾಯವಾಯಿತು. ಗುದ್ದಲಿ ಹಿಡಿದು ಬೆವರು ಸುರಿಸಿದರೆ ಸಾಲದು, ಮೇಟಿಯ ಫೋನಿಗೆ ಸಿಗ್ನಲ್ಲೂ ಸಿಗಬೇಕು!

"ಎಲ್ಲರ ಮನೇಲೂ ಒಂದು ದೊಡ್ಡ ಫೋನ್ ಇದ್ದೇ ಇರುತ್ತೆ, ಮಗನನ್ನ ಕೇಳ್ಲಿ" ಅನ್ನುತ್ತಾರೆ ಅಧಿಕಾರಿಗಳು. ಮಗ ಬೆಂಗಳೂರಿನಲ್ಲಿ ಕಾರು ಓಡಿಸುತ್ತಿದ್ದಾನೆ ಸ್ವಾಮಿ. ಊರಲ್ಲಿರುವ ತಾಯಿ ತನ್ನ ಪಿಂಚಣಿ ವಿಷಯ ತಿಳಿಯೋಕೆ ಪಕ್ಕದ ಮನೆ ಹುಡುಗನ ಮುಂದೆ ಕೈ ಕಟ್ಟಿ ನಿಲ್ಲಬೇಕು. ಆಧಾರ್, ಪಾಸ್‌ಬುಕ್, ಓಟಿಪಿ ಎಲ್ಲ ಅವನ ಕೈಗೆ ಒಪ್ಪಿಸಬೇಕು. ನಾಳೆ ದುಡ್ಡು ಹೋದರೆ ಜವಾಬ್ದಾರರು ಯಾರು?

ದಾರಿಯೇ ಇಲ್ಲವೆಂದಲ್ಲ. ದಾರಿ ಇದೆ, ಹೇಳುವವರಿಲ್ಲ. ಬಟನ್ ಫೋನಿನಿಂದಲೇ ದುಡ್ಡು ಕಳಿಸಲು ರಿಸರ್ವ್ ಬ್ಯಾಂಕು 2022ರ ಮಾರ್ಚ್‌ನಲ್ಲಿ ಯುಪಿಐ 123ಪೇ ಶುರು ಮಾಡಿತು. ಅದಕ್ಕೂ ಮುಂಚಿನಿಂದ *99# ಸೇವೆಯಿದೆ, ಅದಕ್ಕೆ ಇಂಟರ್ನೆಟ್ಟೇ ಬೇಡ. ಇದರ ಬಗ್ಗೆ ಎಷ್ಟು ಬ್ಯಾಂಕುಗಳಲ್ಲಿ ಒಂದು ಬೋರ್ಡು ಕಂಡಿದ್ದೀರಿ?

ರೀಚಾರ್ಜಿನ ಮಾತೂ ಅಷ್ಟೆ. ಇಂಟರ್ನೆಟ್ ಮುಟ್ಟದವರೂ ಡೇಟಾ ಸೇರಿಸಿಯೇ ದುಡ್ಡು ಕಟ್ಟುವಂತಾಗಿತ್ತು. ಮಾತು ಮತ್ತು ಮೆಸೇಜಿಗೆ ಮಾತ್ರ ಬೇರೆ ಪ್ಯಾಕ್ ಕೊಡಲೇಬೇಕು ಅಂತ 2024ರ ಡಿಸೆಂಬರ್‌ನಲ್ಲಿ ಟ್ರಾಯ್ ಆದೇಶ ಮಾಡಿತು. ಮರು ತಿಂಗಳೇ ಕಂಪನಿಗಳು ಅಂಥ ಪ್ಯಾಕ್ ತಂದವು. ಆದರೆ ಅಂಗಡಿಯಲ್ಲಿ ನಾವಾಗಿ ಕೇಳದಿದ್ದರೆ ಅದರ ಹೆಸರೇ ಎತ್ತುವುದಿಲ್ಲ. ಆದ್ದರಿಂದ ಓದುಗರೇ, ನಿಮ್ಮ ಮನೆಯ ಹಿರಿಯರ ಪರವಾಗಿ ಬಾಯಿಬಿಟ್ಟು ಕೇಳಿ. ಇನ್ನೊಂದು ಮಾತು. ಬಟನ್ ಫೋನಿಗೂ ಮೋಸದ ಕರೆ ಬರುತ್ತದೆ. ದುಡ್ಡು ಕಳೆದುಕೊಂಡರೆ ತಡಮಾಡದೆ 1930ಕ್ಕೆ ಫೋನ್ ಮಾಡಬೇಕು. ಅದಕ್ಕೆ ಯಾವ ಆ್ಯಪೂ ಬೇಡ.

ದೊಡ್ಡ ಫೋನ್ ಬೇಡವೆಂದು ಯಾರೂ ಹೇಳುತ್ತಿಲ್ಲ. ಇಟ್ಟುಕೊಳ್ಳುವವರು ಸುಖವಾಗಿ ಇಟ್ಟುಕೊಳ್ಳಲಿ. ಆದರೆ ಹತ್ತು ಹನ್ನೆರಡು ಸಾವಿರದ ಫೋನ್ ಇಲ್ಲ ಎಂಬ ಕಾರಣಕ್ಕೆ ಪ್ರಜೆಯ ಅರ್ಜಿ ತಿರುಗಿ ಬರಬಾರದು. ಗ್ರೂಪಿಗೆ ಹಾಕುವ ಪ್ರತಿ ಸೂಚನೆಯೂ ಅದೇ ದಿನ ಪಂಚಾಯ್ತಿ, ನಾಡಕಚೇರಿ, ನ್ಯಾಯಬೆಲೆ ಅಂಗಡಿಯ ಗೋಡೆಗೆ ಕಾಗದದಲ್ಲಿ ಬರಲಿ. ಕಡೇ ದಿನಾಂಕವನ್ನು ಸಾದಾ ಮೆಸೇಜಿನಲ್ಲೂ ಕಳಿಸಲಿ. ಕಾಗದದ ಅರ್ಜಿ ತಗೊಳ್ಳೋಕೆ ಒಂದು ಕಿಟಕಿ ತೆರೆದಿರಲಿ. ಇದಕ್ಕೆ ಕೋಟಿಗಟ್ಟಲೆ ಅನುದಾನ ಬೇಕಿಲ್ಲ, ಒಂದು ಡಬ್ಬಿ ಗೋಂದು ಸಾಕು.

ಜಿಲ್ಲಾಡಳಿತ ಇತ್ತ ಗಮನ ಹರಿಸುವುದೇ? ಉತ್ತರವನ್ನು ದಯವಿಟ್ಟು ವಾಟ್ಸಾಪಿನಲ್ಲಿ ಕಳಿಸಬೇಡಿ, ಆ ತಾಯಿಗೆ ಕಾಣುವುದಿಲ್ಲ. ನೋಟೀಸ್ ಬೋರ್ಡಿಗೆ ಅಂಟಿಸಿ. ಬಂದು ಓದಿಕೊಳ್ತೀವಿ.